ನನ್ನ ಹಿಡಿಸೂಡಿ ತಡೆದ ಕಣಜ

ಕರಾವಳಿಯ ಕೀಟಶಾಸ್ತ್ರದಲ್ಲಿ ಡಾ. ಆನ್ಸಿಲ್ಲಾ ಮಥಾಯಸ್ ಅವರ ಸ್ಥಾನ ಎಂತಹದೆಂದು ವಿದ್ವಾಂಸರು ಈ ಅಭಿನಂದನಾ ಸಂಪುಟದ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ಅವರು ನಿಂತಿರುತ್ತಿದ್ದ ಸ್ಥಾನವನ್ನು ನಾನು ಹೇಳಬಲ್ಲೆ: ನಾನು ಗುಡಿಸಬೇಕಾದ ಜಾಗದ ನಟ್ಟನಡುವೆ.

ಉಡುಪಿಯ ನಮ್ಮ ಕಾಲೇಜಿನ ಹಿತ್ತಿಲಲ್ಲಿ ಗೇರುಮರಗಳ ತರಗೆಲೆ ಗುಡಿಸಿ ಸುಡಲೆಂದೇ ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದರು. ಬಾಗಲಕೋಟೆ ಕಡೆಯಿಂದ ಬಂದ ಹೊಸದರಲ್ಲಿ, ಮೊದಲ ಬೆಳಿಗ್ಗೆ ಗುಡಿಸಲು ಹಿಡಿಸೂಡಿ ಎತ್ತಿದ್ದೇ ತಡ, ಅಲ್ಲಿ ಪಾಠ ಹೇಳುತ್ತಿದ್ದ ಈ ಮೇಡಂ ಅಡ್ಡ ಬಂದರು.

“ಗುಡಿಸಬೇಡಿ ಲಕ್ಕವ್ವ, ಇದರಲ್ಲಿ ಕಣಜ ಉಂಟು.”

ನಮ್ಮೂರಲ್ಲಿ ಕಣಜವೆಂದರೆ ಜೋಳ ತುಂಬಿಡುವುದು. ಎಲೆಯನ್ನೆಲ್ಲ ಕೆದರಿದೆ. “ಎಲ್ಲೈತ್ರೀ ಬಾಯಾರ? ಒಂದು ಕಾಳೂ ಕಾಣವಲ್ದು!”

ನಕ್ಕು ಸುಸ್ತಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಸಾಸಿವೆಗಿಂತ ಸಣ್ಣ ಹುಳ. ಬೇರೆ ಹುಳದ ಒಡಲಲ್ಲಿ ಮೊಟ್ಟೆಯಿಟ್ಟು ಮರಿಯನ್ನು ಅಲ್ಲೇ ಸಾಕುವ ಪರಾವಲಂಬಿ ಕಣಜ. ಅಂದಿನಿಂದ ಗುಡಿಸಿದರೆ ಮೇಡಂ ಬೈಗುಳ, ಬಿಟ್ಟರೆ ಪ್ರಾಂಶುಪಾಲರ ಬೈಗುಳ. ಹುಳ ಹುಡುಕಲೆಂದು ಕಾರ್ಕಳದ ಕಾಡಿನ ತರಗೆಲೆ ಗೋಣಿಯಲ್ಲಿ ತುಂಬಿ ನಾವಿಬ್ಬರೂ ಬಸ್ಸು ಹತ್ತಿದರೆ ಕಂಡಕ್ಟರ್, “ಎಂತ ಮಾರಾಯ್ರೆ, ಉಡುಪಿಯಲ್ಲಿ ಎಲೆಗೂ ಬರಗಾಲವಾ?” ಎನ್ನುತ್ತಿದ್ದ. ನಾಚಿಕೆ ನನಗೆ, ಅವರಿಗೆ ಕೇಳಿಸುತ್ತಲೇ ಇರಲಿಲ್ಲ.

ರಾತ್ರಿ ಶಾಲೆಗೆ ನನ್ನನ್ನು ಸೇರಿಸಿದವರೂ ಅವರೇ. ನನಗೆ ಬಸ್ಸು ತಪ್ಪಬಾರದೆಂದು ಸಂಜೆ ನಾನು ತೊಳೆಯಬೇಕಾದ ಹುಳದ ಸೀಸೆಗಳನ್ನು ತಾವೇ ತೊಳೆಯುತ್ತಿದ್ದರು. ಬೆಳಿಗ್ಗೆ ನಾನು ಅವನ್ನು ಮತ್ತೆ ತೊಳೆಯಬೇಕಾಗುತ್ತಿತ್ತು, ಆ ಮಾತು ಬೇರೆ. ನನ್ನ ಒತ್ತಕ್ಷರಗಳನ್ನೂ ಹುಳದ ಮೀಸೆ ನೋಡಿದಂತೆಯೇ ನೋಡಿ, “ಇನ್ನೊಮ್ಮೆ ನೋಡುವ” ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ನನ್ನ ಕೂದಲು ನೆರೆಯಿತು.

ಕಳೆದ ವರ್ಷ ಹಿತ್ತಿಲಿಗೆಲ್ಲ ಇಂಟರ್‌ಲಾಕ್ ಕಲ್ಲು ಹಾಸಿ ಕಾರು ನಿಲ್ಲಿಸುವ ತೀರ್ಮಾನವಾಯಿತು. ಅದೇ ಹೊತ್ತಿಗೆ ಗೇರಿನ ಬುಡದಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ, ರೆಕ್ಕೆಯಿಲ್ಲದ ಹೆಣ್ಣು ಕಣಜವೊಂದು ಮೇಡಂಗೆ ಸಿಕ್ಕಿತು. ಈಗಿನ ಪ್ರಾಂಶುಪಾಲ ಉಮಾನಾಥರಿಗೆ ಹಿಗ್ಗೋ ಹಿಗ್ಗು. “ಹೊಸ ಜಾತಿ ಅಂತ ಬರೆದುಕೊಡಿ ಮೇಡಂ, ಹಿತ್ತಿಲು ಉಳಿಸುವುದು ನನ್ನ ಜವಾಬ್ದಾರಿ” ಎಂದು ‘ಹೊಸ ಕಣಜದ ಶೋಧಕಿ’ ಎಂಬ ಬ್ಯಾನರನ್ನೂ ಮಾಡಿಸಿಬಿಟ್ಟರು.

“ಇನ್ನೊಮ್ಮೆ ನೋಡುವ” ಎಂದರು ಮೇಡಂ.

ನೋಡಿದರು. ಸೀಸೆಯಲ್ಲಿಟ್ಟಿದ್ದ ನೊಣದ ಒಂದೇ ಕೋಶದಿಂದ ಅಂಥದೇ ಹೆಣ್ಣೂ, ರೆಕ್ಕೆಯುಳ್ಳ ಗಂಡೂ ಹೊರಬಂದವು, ಒಂದೇ ತಾಯಿಯ ಮಕ್ಕಳು. ಆ ಗಂಡಿಗೆ ಪುಸ್ತಕದಲ್ಲಿ ಎಂದೋ ಹೆಸರಿಟ್ಟಾಗಿತ್ತು. “ಹೆಸರಿದ್ದವನ ತಂಗಿ ಇವಳು ಲಕ್ಕವ್ವ. ಹೊಸತಲ್ಲ.”

ನನಗೆ ತಡೆಯಲಾಗಲಿಲ್ಲ. “ಸುಮ್ನ ಹೊಸಾದು ಅನ್ರೀ ಬಾಯಾರ! ಯಾರ್ ಬಂದ್ ನೋಡ್ತಾರ?”

“ನಾಳೆ ನೋಡುವವರು ಇದ್ದಾರಲ್ಲ ಮಾರಾಯ್ತಿ. ಸುಳ್ಳು ಹೆಸರು ಹಿಡಿದು ಅವರು ಎಷ್ಟು ಅಲೆಯಬೇಕು?”

ನೇರವಾಗಿ ಪ್ರಾಂಶುಪಾಲರ ಕೋಣೆಗೆ ಹೋದರು, ಹಿಂದೆಯೇ ನಾನು. ವಿಷಯ ತಿಳಿಸಿ, “ಹೊಸ ಹುಳಕ್ಕೆ ಬಿಡುವ ಜಾಗ ಹಳೆಯ ಹುಳಕ್ಕೆ ಯಾಕೆ ಬಿಡಬಾರದು ಸರ್?” ಎಂದರು. ಉಮಾನಾಥರು ತಲೆಗೆ ಕೈ ಹಚ್ಚಿ ಕೂತರು. ಇಂಟರ್‌ಲಾಕ್ ಬಂತು; ಗೇರುಮರಗಳ ಮೂಲೆಯೊಂದು ಮಾತ್ರ ಮಣ್ಣಾಗಿಯೇ ಉಳಿಯಿತು. ಆ ಬ್ಯಾನರು ಈಗ ತರಗೆಲೆಯ ಗೋಣಿಗಳಿಗೆ ಹೊದಿಕೆಯಾಗಿದೆ.

ಮೇಡಂ ನಿವೃತ್ತರಾದ ಮೇಲಾದರೂ ನನಗೆ ಬಿಡುವು ಸಿಕ್ಕೀತೆಂದುಕೊಂಡಿದ್ದೆ. ಎಲ್ಲಿ! ಕಾಪುವಿನ ಮನೆಯಿಂದ ಬಸ್ಸು ಹಿಡಿದು, ತರಗೆಲೆ ಸೋಸುವ ಜರಡಿ ಸಮೇತ ಬಂದೇ ಬರುತ್ತಾರೆ. ಅವರ ಕಣ್ಣು ಮಂಜಾಗದಿರಲಿ, ಮೊಣಕಾಲು ಗಟ್ಟಿಯಿರಲಿ, ನೂರು ವರ್ಷ ಹೀಗೆಯೇ ಬಂದು ನನ್ನ ಕೆಲಸ ಕೆಡಿಸುತ್ತಿರಲಿ. ಆ ಮೂಲೆ ಕಂಡಾಗಲೆಲ್ಲ ಕೈ ತುರಿಸುತ್ತದೆ, ಆದರೂ ಗುಡಿಸುವುದಿಲ್ಲ. ಹೊಸದಾಗಿ ಸೇರಿದ ಮಕ್ಕಳು “ಇಲ್ಲಿ ಯಾಕೆ ಇಷ್ಟು ಕಸ ಅಜ್ಜಿ?” ಎಂದು ಕೇಳಿದರೆ, “ಕಣಜ ಐತಿ” ಎನ್ನುತ್ತೇನೆ. ಕಾಳಿನದೋ ಹುಳದ್ದೋ, ಅವರೇ ಕೆದರಿ ನೋಡಲಿ.