ಮೊದಲ ಗುದ್ದಲಿ

ರಾಜಶ್ರೀ ಮೊದಲು ಮೊಹರಮ್ಮಿನ ದೇವರು ಕೂಡ್ರಿಸುವ ಇಸ್ಮಾಯಿಲಸಾಬನ ಮನೆಯಲ್ಲಿ ಚಹಾ ಕುಡಿದಳಲ್ಲ, ಆ ಸಿಟ್ಟು ಫಕ್ಕೀರಪ್ಪನಿಗೆ ಇಂದಿಗೂ ಇಳಿದಿಲ್ಲ. ಹಿರೇಕೆರೂರಿನಾಚೆಯ ಅವನ ಹಳ್ಳಿಗೆ, ಆ ಹಬ್ಬದ ಅಧ್ಯಯನಕ್ಕೆಂದು ವಿಶ್ವವಿದ್ಯಾಲಯದಿಂದ ಬಂದವಳು ಆಕೆ. ಹಬ್ಬದ ಬೆಂಕಿಗೆಂದು ಊರ ನಡುವಿನ ಚೌಕದಲ್ಲಿ ತೋಡುವ ಅಲಾವಿ ಕುಣಿಗೆ ಮೊದಲ ಗುದ್ದಲಿ ಹಾಕುವವನೋ ಫಕ್ಕೀರಪ್ಪ. ಅವನು ಹಾಕದೆ ಮತ್ತೊಬ್ಬರು ಮಣ್ಣು ಮುಟ್ಟುವಂತಿಲ್ಲ. ಲಿಂಗಾಯತರ ಮನೆ, ನಿಜ. ಆದರೆ ಕೂಸಿದ್ದಾಗ ಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದ ಅವನನ್ನು ಅವ್ವ ಸುಶೀಲವ್ವ ಮೊಹರಮ್ಮಿನ ಪಂಜಾ ದೇವರ ಮುಂದೆ ಮಲಗಿಸಿ, ಉಳಿದರೆ ಇರೋತನಕ ಇವನ ಕೈಯಿಂದಲೇ ಕುಣಿ ತೋಡಿಸುತ್ತೇನೆಂದು ಹರಕೆ ಹೊತ್ತಿದ್ದಳು. ಅಂಥವನನ್ನು ಬಿಟ್ಟು ಆ ಮನೆಗೆ ಮೊದಲು ಹೋಗುವುದೆಂದರೆ?

“ದೇವ್ರನ್ನೂ ಕಾಲೇಜಿನ್ಯಾಗ ಓದತಾರೇನವ್ವ?” ಎಂದು ಕಟ್ಟೆಯ ಮೇಲೆ ಕುಟುಕಿದ.

“ದೇವ್ರನ್ನಲ್ರಿ ಯಜಮಾನ್ರ, ದೇವ್ರ ಮುಂದ ಮಂದಿ ಹೆಂಗ ಕೂಡಿ ನಿಲ್ತಾರ ಅನ್ನೂದನ್ನ,” ಎಂದಳಾಕೆ. ಕಟ್ಟೆಯವರು ನಕ್ಕರು. ಅದೂ ಎದೆಯಲ್ಲಿ ಉಳಿಯಿತು.

ಅದೇ ವಾರ ಊರ ಸಭೆ ಸೇರಿತು. ಮೊಹರಮ್ ಮುಸಲ್ಮಾನರದೊಂದೇ ಹಬ್ಬ, ಎಲ್ಲರ ಚೌಕದಲ್ಲಿ ಯಾಕೆ, ಮಸೀದಿ ಅಂಗಳದಲ್ಲೇ ಮಾಡಿಕೊಳ್ಳಲಿ ಎಂದು ಕೆಲವರ ವಾದ. ಬೇರೆ ಯಾರ ಮನೆತನಕ್ಕಾದರೂ ಆ ಕುಣಿಯ ಹಕ್ಕಿದೆಯೇ ಎಂದು ಹಿರಿಯರು ಕೇಳಿದಾಗ ಎಲ್ಲರ ಮುಖ ಫಕ್ಕೀರಪ್ಪನ ಕಡೆ ತಿರುಗಿತು. ಮೂಲೆಯಲ್ಲಿ ರಾಜಶ್ರೀಯೂ ಕುಂತಿದ್ದಳು.

“ನಮ್ಮ ಮನಿಗೂ ಅದಕ್ಕೂ ಏನೂ ಸಂಬಂಧಿಲ್ಲ,” ಎಂದುಬಿಟ್ಟ.

ಸಿಟ್ಟು ಆಕೆಯ ಮೇಲಿತ್ತು. ಏಟು ಬಿದ್ದದ್ದು ಇಸ್ಮಾಯಿಲಸಾಬನಿಗೆ. ಅವನಾದರೂ ರಟ್ಟೆ ಹಿಡಿದು ಜಗಳಾಡಲಿ ಎಂದು ಫಕ್ಕೀರಪ್ಪ ಕಾದ.

“ಫಕ್ಕೀರಪ್ಪಣ್ಣ ಅಂದಮ್ಯಾಲ ಮುಗೀತ್ರಿ,” ಎಂದು ಇಸ್ಮಾಯಿಲಸಾಬ ಟೊಪ್ಪಿಗೆ ಸರಿಮಾಡಿಕೊಂಡು ಎದ್ದುಹೋದ.

ಆ ವರ್ಷ ಚೌಕದಲ್ಲಿ ಕುಣಿಯನ್ನೇ ತೋಡಲಿಲ್ಲ. ಸುಶೀಲವ್ವ ಗುದ್ದಲಿ ತೊಳೆದು ಗೋಡೆಗೆ ಆನಿಸಿಟ್ಟಿದ್ದಳು, ಎಂದಿನಂತೆ ಹಬ್ಬದ ಸಿಹಿ ಚೊಂಗೆ ಮಾಡಿದ್ದಳು. ಮಗನ ಮುಂದೆ ತಾಟು ಇಟ್ಟಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದ. ಮುರಿದ ಚೊಂಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದ.

ಹಬ್ಬ ಮುಗಿದು ದೇವರು ಹೊಳೆಗೆ ಹೋದ ಮರುದಿನ ಫಕ್ಕೀರಪ್ಪ ಗುದ್ದಲಿ ಹೊತ್ತು ಇಸ್ಮಾಯಿಲಸಾಬನ ಬಾಗಿಲಿಗೆ ಹೋಗಿ, ನೆಲ ನೋಡುತ್ತ, “ಬಾ, ಈಗರ ತೋಡೂಣು,” ಎಂದ.

ಇಸ್ಮಾಯಿಲಸಾಬ ಕೂಡ್ರಿಸಿದ. ಹೆಂಡತಿ ಕುಲಸುಮಬಿ ಚಹಾ ತಂದಿಟ್ಟಳು.

“ದೇವ್ರು ಹೊಳಿಗೆ ಹೋಗ್ಯಾವಣ್ಣ. ಈಗ ತೋಡಿದ್ರ ಅದು ಬರೇ ತಗ್ಗು,” ಎಂದ ಇಸ್ಮಾಯಿಲಸಾಬ.

ಫಕ್ಕೀರಪ್ಪ ಚಹಾ ಕುಡಿದು ಬಂದ. ಮರುವರ್ಷದಿಂದ ಕುಣಿ ಮಸೀದಿ ಅಂಗಳದಲ್ಲಿ, ಅವರೇ ತೋಡಿಕೊಳ್ಳುತ್ತಾರೆ. ಇವನನ್ನು ಯಾರೂ ಕರೆಯುವುದಿಲ್ಲ, ಕರೆಯದೆ ಹೋಗಲು ಮುಖವಿಲ್ಲ. ಸುಶೀಲವ್ವ ಮಾತ್ರ ಪ್ರತಿ ಮೊಹರಮ್ಮಿಗೆ ಗುದ್ದಲಿ ತೊಳೆದಿಡುತ್ತಾಳೆ. ಇರೋತನಕ ಎಂದು ಹೊತ್ತ ಹರಕೆ. ಫಕ್ಕೀರಪ್ಪ ಇನ್ನೂ ಇದ್ದಾನೆ.