ಚಾಂದ್ ಭಾಯ್ ಬಸಿದ ಪ್ಲಾಟಿನಂ

ಹಲಸೂರಿನಲ್ಲಿ ನಾನು ಓದುವ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವರು ಚಾಂದ್ ಪಾಷಾ. ಭಾನುವಾರ ಶಿವಾಜಿನಗರದ ಮದುವೆಗಳಲ್ಲಿ ಬಿರಿಯಾನಿಗೆ ಅನ್ನ ಬಸಿಯುವವರೂ ಅವರೇ. ಬಸಿದ ಅನ್ನದಲ್ಲಿ ಹನಿ ನೀರು ನಿಂತರೂ ಮನೆತನದ ಮಾನ ಹೋಯಿತು ಎನ್ನುವ ಮನುಷ್ಯ. ಆದರೆ ಅವರ ಆಸೆಯೆಲ್ಲ ಸಿಂಕ್ ಬಿಟ್ಟು ಒಳಗಿನ ರಿಸರ್ಚ್ ಲ್ಯಾಬ್ ಸೇರುವುದು. ಕೊನೆಗೂ ಆ ಲ್ಯಾಬ್ ನಡೆಸುವ ನಂದಿತಾ ಮೇಡಂ, "ಇವತ್ತೊಂದ್ ಕೆಲ್ಸ ಕೊಡ್ತೀನಿ, ಸರಿಯಾಗ್ ಮಾಡಿದ್ರೆ ಒಳಗ್ ಬನ್ನಿ" ಎಂದರು.

ಆ ಕೆಲಸವೇ ಪ್ಲಾಟಿನಂ ಆಕ್ಸೈಡ್! ನೋಡಲು ನಶ್ಯದಂಥ ಕಂದು ಪುಡಿ. ಬೆಲೆ ಕೇಳಿದರೆ ಬರುವ ಸೀನೂ ನಿಂತುಹೋಗುತ್ತದೆ. ಸ್ಪಿರಿಟ್‌ನಲ್ಲಿ ಬೆರೆಸಿದ ಎಣ್ಣೆಗೆ ಚಿಟಿಕೆ ಪುಡಿ ಹಾಕಿ, ಫ್ಲಾಸ್ಕಿನ ಬಾಯಿಗೆ ಹೈಡ್ರೋಜನ್ ಬಲೂನು ಕಟ್ಟಿದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೋಡಿ, ಪುಡಿ ಕಪ್ಪಾಯಿತು! ಆಕ್ಸೈಡ್ ಹೋಗಿ ಬರೀ ಪ್ಲಾಟಿನಂ ಉಳಿಯಿತು, ನಿಜವಾದ ಕೆಲಸ ಅದರದ್ದೇ. ಎಣ್ಣೆ ಹೈಡ್ರೋಜನ್ ಕುಡಿಯುತ್ತಾ ಹೋಯಿತು, ಬಲೂನು ಸೊರಗುತ್ತಾ ಹೋಯಿತು. ಸ್ಪಿರಿಟ್ ಆರಿದರೆ ಆ ಎಣ್ಣೆ ಡಾಲ್ಡಾದಂತೆ ಗಟ್ಟಿ. ಪುಡಿ ಮಾತ್ರ ಸವೆಯದೆ ಮತ್ತೊಮ್ಮೆ ದುಡಿಯಲು ತಯಾರು.

"ಸೋಸಿ ಚಾಂದ್ ಭಾಯ್. ಪುಡಿ ಒದ್ದೆಯಾಗೇ ಇರ್ಬೇಕು" ಎಂದು ಮೇಡಂ ಫೋನ್ ಹಿಡಿದು ಹೊರಗೆ ಹೋದರು.

"ಪಾಪ, ಮೇಡಂ ಮನೇಲಿ ಅನ್ನ ಗಂಜಿ ಆಗುತ್ತೇನೋ" ಎಂದು ನನಗೆ ಕಣ್ಣು ಹೊಡೆದು, ಚಾಂದ್ ಭಾಯ್ ನೀರೆಳೆಯುವ ಪಂಪ್ ಜೋರಾಗಿ ಬಿಟ್ಟು ಕೊನೆಯ ಹನಿಯವರೆಗೂ ಬಸಿದರು. ಪುಡಿ ಒಣಗಿತು, ಮಿಣಮಿಣ ಕೆಂಪಾಯಿತು, ಸೋಸುವ ಕಾಗದ ಭಗ್ಗೆಂದಿತು!

"ಯಾ ಅಲ್ಲಾ!" ಎನ್ನುತ್ತಲೇ ಅವರು ತಟ್ಟೆ ಮುಚ್ಚಿ ಬೆಂಕಿ ಆರಿಸಿದರು.

ಓಡಿ ಬಂದ ಮೇಡಂ, "ಏನ್ರೀ ಮಾಡಿದ್ರಿ?"

"ಬಸ್ದೆ ಮೇಡಂ."

"ಆ ಪುಡಿಯೊಳಗೆ ಹೈಡ್ರೋಜನ್ ಇರುತ್ತೆ ಕಣ್ರೀ! ಒಣಗಿ ಗಾಳಿ ತಗುಲಿದ್ರೆ ಹತ್ಕೊಳುತ್ತೆ!"

"ಪ್ಲಾಟಿನಂ ಸುಟ್ಟೋಯ್ತಾ ಮೇಡಂ?" ಚಾಂದ್ ಭಾಯ್ ತಟ್ಟೆಯತ್ತ ಬಗ್ಗಿದರು.

"ಅದು ಸುಡಲ್ಲ. ಸುಟ್ಟಿದ್ದು ಕಾಗ್ದ, ನನ್ ಹೊಟ್ಟೆ. ಇದೇ ಥರದ್ದು ಇನ್ನೊಂದ್ ಫ್ಲಾಸ್ಕ್ ಇದೆ, ನನ್ ಎದುರಿಗೇ ಮಾಡಿ."

ಈ ಸಲ ಚಾಂದ್ ಭಾಯ್ ಸೋಸಿ, ಪುಡಿಯ ಮೇಲೆ ತಾವೇ ನೀರು ಸುರಿದು, ಆ ಕೆಸರನ್ನು ನೋಡಲಾಗದೆ ಮುಖ ತಿರುಗಿಸಿ ನಿಂತರು.

"ಶಭಾಷ್. ಸೋಮವಾರದಿಂದ ಒಳಗ್ ಬನ್ನಿ."

ಅವರು ನನ್ನ ತೋಳು ಹಿಡಿದು ಮೂಲೆಗೆ ಎಳೆದರು. "ಕೆಲ್ಸ ಸಿಕ್ತು ಅಂತ ಎಲ್ರಿಗೂ ಹೇಳು ಮಗಾ. ಹೆಂಗ್ ಸಿಕ್ತು ಅಂತ ಮಾತ್ರ ಶಿವಾಜಿನಗರದಲ್ಲಿ ಬಾಯ್ ಬಿಡ್ಬೇಡ."