ಅಮವಾಸ್ಯೆಯ ಹಿಂದಿನ ದಿನ ನೋಡಿದ ಗಿರಣಿ

ವಾಡಿಯ ಗಿರಣಿ ನಿಮಗೆಲ್ಲ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕಾಣುತ್ತದೆ. ಆಯಿ ಹುಟ್ಟಿದ್ದೇ ಗಿರಣಿಯಲ್ಲಿ ಎಂದು ನಿಮ್ಮಲ್ಲಿ ಸಣ್ಣವಳು ಶಾಲೆಯಲ್ಲಿ ಹೇಳಿ ಬಂದಿದ್ದಳಂತೆ. ಹಾಗಲ್ಲ. ಅದನ್ನು ನಾನು ಕೊಂಡದ್ದು. ಅದೂ ನಾಲ್ಕು ಊರು ತಿರುಗಿ, ತಲೆ ಚಿಟ್ಟು ಹಿಡಿದ ಮೇಲೆ. ಕೂತು ಹೇಳು ಎಂದರೆ ನನಗೆ ಮಾತು ಹೊರಡುವುದಿಲ್ಲ. ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ ಕಾರ್ಖಾನೆಯಿಂದ ಅವರ ಹಣ ಬಂತು. ಒಂದೇ ಸಲ ಬರುವ ಹಣ. ನಡೆಯುತ್ತಿರುವ ಹಿಟ್ಟಿನ ಗಿರಣಿಯೊಂದನ್ನು ಅದರಲ್ಲಿ ಕೊಂಡು ನನ್ನ ಹೊಟ್ಟೆಯನ್ನು ನಾನೇ ನೋಡಿಕೊಳ್ಳಬೇಕು ಎಂದುಕೊಂಡೆ. ಹೊಸದಾಗಿ ಹಾಕಿದರೆ ಜನ ಬರುವುದಕ್ಕೇ ವರ್ಷ ಹಿಡಿಯುತ್ತದೆ, ನಡೆಯುವುದೇ ಬೇಕಿತ್ತು. ಕೊಂಡದ್ದು ಕೈಕೊಟ್ಟರೆ ಉಳಿದ ಆಯುಷ್ಯವನ್ನೆಲ್ಲ ಚಿತ್ತಾಪುರದಲ್ಲಿ, ಆಗ ನಾನಿದ್ದ ಮೈದುನನ ಮನೆಯಲ್ಲೇ ಕಳೆಯಬೇಕಿತ್ತು. ಆ ಮೈದುನ, ನಿಮ್ಮ ಸಣ್ಣ ಮುತ್ಯಾ, ಕೆಟ್ಟವರಲ್ಲ. ಆದರೆ ಇನ್ನೊಬ್ಬರ ಮನೆಯಲ್ಲಿ ಕೂತು ಎರಡನೆಯ ರೊಟ್ಟಿ ಕೇಳುವುದು ನನ್ನಂಥವಳಿಂದ ಆಗುವ ಕೆಲಸವಲ್ಲ.

ಗಿರಣಿ ಹುಡುಕಲು ಅವರೇ ಮುಂದಾದರು. ಫೋನಿನಲ್ಲಿ ವ್ಯಾಪಾರದ ವಿಡಿಯೋ ನೋಡುತ್ತಿದ್ದರು, ಮೋಟರಿನ ಹಾರ್ಸ್‌ಪವರ್ ಕೇಳುವುದನ್ನು ಕಲಿತಿದ್ದರು. ನಾನು ಹಿಂದೆ ಸೆರಗು ಹೊದ್ದು ಹೋಗುವವಳು. ಎಲ್ಲಿಗೆ ಹೋದರೂ ಎರಡು ಸೇರು ಜೋಳವನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಕೈಯಲ್ಲಿ ಜೋಳವಿದ್ದರೆ ಹೆಂಗಸು ಗಿರಣಿಯ ಮುಂದೆ ಯಾಕೆ ನಿಂತಿದ್ದಾಳೆ ಎಂದು ಯಾರೂ ಕೇಳುವುದಿಲ್ಲ.

ಮೊದಲು ಚಿಂಚೋಳಿ. ಎರಡು ಬಸ್ಸು ಬದಲಿಸಿ, ಸೊಂಟ ಹಿಡಿದು ಇಳಿದೆವು. ಮಾರುವವನು ಮೈದುನನಿಗೆ ಎಲ್ಲವನ್ನೂ ತೋರಿಸಿ, ಇನ್ನೇನು ಮಾತು ಮುಗಿಯಬೇಕು ಎನ್ನುವಾಗ ಅವನ ಅಣ್ಣ ಹೊಲದಿಂದ ಬಂದ. ಗಿರಣಿ ಇಬ್ಬರದು, ತಾನು ಮಾರುವುದಿಲ್ಲ ಎಂದ. ಈ ಮಾತನ್ನು ತಮ್ಮನಾದವನು ಮೊದಲೇ ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದರೆ, ಬಂದು ನೋಡಿ ಹೋಗಲಿ ಎಂದುಕೊಂಡನಂತೆ.

ಶಹಾಬಾದಿನದು ಇನ್ನೊಂದು ಗೋಳು. ಗಿರಣಿ ಚೆನ್ನಾಗಿಯೇ ಇತ್ತು. ಆದರೆ ಮೊದಲನೆಯ ಚಹಾ ಮುಗಿಯುವಷ್ಟರಲ್ಲಿ ಮಾರುವವರಿಗೂ ನಿಮ್ಮ ಸಣ್ಣ ಮುತ್ಯಾನಿಗೂ ಬೀಗತನ ಹೊರಟಿತು. ಮಾವನ ಕಡೆಯ ಸೋದರತ್ತೆಯ ಮಗಳನ್ನು ಕೊಟ್ಟ ಮನೆಯಂತೆ. ಅಲ್ಲಿಂದ ಮುಂದೆ ಯಾರೂ ಬೆಲೆಯ ಮಾತೆತ್ತಲಿಲ್ಲ. ಬೀಗರ ಹತ್ತಿರ ರೇಟು ಕೇಳುವುದು ಹೇಗೆ ಎಂದು ಇವರು, ಬೀಗರಿಗೆ ಹೆಚ್ಚು ಹೇಳುವುದು ಹೇಗೆ ಎಂದು ಅವರು. ನಾಲ್ಕು ಸಲ ಹೋದೆವು. ನಾಲ್ಕು ಸಲವೂ ಚಹಾ, ಚೂಡಾ, ಮದುವೆಗಳ ಸುದ್ದಿ. ಐದನೆಯ ಸಲ ಹೊರಡಿ ಎಂದಾಗ ತಲೆನೋವು ಎಂದು ಮಲಗಿಬಿಟ್ಟೆ. ಸುಳ್ಳೂ ಆಗಿರಲಿಲ್ಲ.

ವಾಡಿಯಲ್ಲಿ ಸ್ಟೇಶನ್ನಿನ ಹಿಂದಿನ ಗಲ್ಲಿಯೊಳಗೆ ಒಂದು ಗಿರಣಿ ಮಾರಲಿಕ್ಕಿದೆ ಎಂದು ಯಾರೋ ಹೇಳಿದರು. ಹೋದೆವು. ಬೋರ್ಡಿಲ್ಲ, ಗಿರಾಕಿ ಇಲ್ಲ. ಮುದುಕರೊಬ್ಬರು ಹೊರಸಿನ ಮೇಲೆ ಮಲಗಿದ್ದರು. ಒಳಗೆ ಅವರ ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡು ಒಬ್ಬರೇ ಬೀಸುತ್ತಿದ್ದರು. ಗೋಡೆಗುಂಟ ಹತ್ತು ಹನ್ನೆರಡು ಡಬ್ಬಿಗಳು ಸಾಲಾಗಿ ಕೂತಿದ್ದವು. ಮೈದುನ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಿಂದಲೇ ತಿರುಗಿದರು.

"ನೊಣ ಹೊಡ್ಯಾಕತ್ಯಾರ ವೈನಿ, ನಡೀರಿ," ಎಂದರು.

ಆ ಹೆಂಗಸು ಅಷ್ಟರಲ್ಲೇ ನನ್ನ ಚೀಲ ತೆಗೆದುಕೊಂಡು ಜೋಳ ಸುರಿದಿದ್ದರು, ಬೀಸಿ ಕೊಟ್ಟರು. ಏನೂ ಕೇಳಲಿಲ್ಲ.

ಆಮೇಲೆ ಸೇಡಂ. ಅಲ್ಲಿಯ ಗಿರಣಿ ದೊಡ್ಡ ರಸ್ತೆಯ ಮೇಲೆ, ಬಣ್ಣ ಹಚ್ಚಿದ ಬೋರ್ಡು, ಬೀಸುವ ಕಲ್ಲು ಎರಡು. ನಾವು ಹೋದಾಗ ಹೆಂಗಸರ ಸಾಲು ರಸ್ತೆಯವರೆಗೂ ಬಂದಿತ್ತು. ಒಬ್ಬರ ಡಬ್ಬಿ ಮುಂದೆ ಹೋಯಿತೆಂದು ಜಗಳ ಬೇರೆ ನಡೆದಿತ್ತು. ಮಾಲಕ ಆ ಗದ್ದಲದ ನಡುವೆ ಮೈದುನನಿಗೆ ಕುರ್ಚಿ ಹಾಕಿದ. ನನ್ನ ಕಡೆ ನೋಡದೆ, ಮನೆಯಲ್ಲಿ ಗಂಡಸರು ಯಾರು ನೋಡಿಕೊಳ್ಳುತ್ತಾರೆ ಎಂದು ಅವರನ್ನೇ ಕೇಳಿದ. ಎಲ್ಲ ಊರಿನಲ್ಲೂ ಮೊದಲ ಪ್ರಶ್ನೆ ಇದೇ.

"ದಿನಾ ಹಿಂಗೇ ಅದರಿ," ಎಂದ ಸಾಲಿನ ಕಡೆ ಕೈ ತೋರಿಸಿ. "ಊಟಕ್ಕ ಸೈತ ಪುರಸತ್ತಿಲ್ಲ. ಆರಾಮಿಲ್ಲಂತ ಮಾರಾಕತ್ತೀನಿ."

ಮೈದುನ ಅಲ್ಲೇ ಒಪ್ಪಿದರು. ಮುಂದಿನ ವಾರ ಮುಂಗಡದ ಬಯಾನಾ ಕೊಟ್ಟು ಕಾಗದ ಮಾಡಿಸುವುದು ಎಂದು ಮಾತಾಯಿತು. ಮರಳಿ ಬರುವಾಗ ರೈಲಿನಲ್ಲಿ ಪಕ್ಕದವರಿಗೆಲ್ಲ ಆ ಸಾಲಿನ ವರ್ಣನೆ. ಆ ಸಾಲು ಯಾಕಿತ್ತೆಂದು ನನಗೆ ಗೊತ್ತಿತ್ತು. ಮರುದಿನ ಎಳ್ಳಮವಾಸ್ಯೆ. ಭೂತಾಯಿಗೆ ಚೆಲ್ಲುವ ಚರಗದ ಅಡುಗೆಯನ್ನು ಹೊಲಕ್ಕೆ ಒಯ್ಯಲು ಮನೆಮನೆಯಲ್ಲೂ ಸಜ್ಜೆ, ಜೋಳ ಬೀಸಿಸುತ್ತಾರೆ. ಆ ದಿನ ಯಾವ ಮುರುಕು ಗಿರಣಿಯ ಮುಂದೆಯೂ ಸಾಲು ಇರುತ್ತದೆ. ಇದು ಡಬ್ಬಿ ಹೊತ್ತ ಯಾವ ಹುಡುಗಿಗೂ ಗೊತ್ತು. ಗಂಡಸರಿಗೆ ಅಮವಾಸ್ಯೆ ಗೊತ್ತು, ಬಜ್ಜಿ ರೊಟ್ಟಿ ಗೊತ್ತು, ಗಿರಣಿ ಮಾತ್ರ ಗೊತ್ತಿಲ್ಲ. ಅಷ್ಟು ಹೇಳಲು ನನ್ನಿಂದ ಆಗಲಿಲ್ಲ. ರೈಲು ಮಳಖೇಡ ದಾಟಿತು, ಚಿತ್ತಾಪುರವೂ ಬಂತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಬಯಾನಾ ಕೊಡುವ ಹಿಂದಿನ ದಿನ ಗುಡಿಗೆ ಹೋಗುತ್ತೇನೆಂದು ಹೇಳಿ, ಬೆಳಗಿನ ಪ್ಯಾಸೆಂಜರ್ ಹತ್ತಿ ಒಬ್ಬಳೇ ಸೇಡಮಿಗೆ ಹೋದೆ. ಒಬ್ಬಳೇ ರೈಲು ಹತ್ತಿದ್ದು ಅದೇ ಮೊದಲು. ಗಿರಣಿಯ ಮುಂದೆ ಸಾಲಿರಲಿಲ್ಲ. ಒಂದು ಕಲ್ಲು ನಿಂತೇ ಇತ್ತು. ಮಾಲಕ ನನ್ನ ಗುರುತು ಹಿಡಿಯಲಿಲ್ಲ. ಹಿಡಿಯುವುದೆಲ್ಲಿಂದ, ಅವನು ನನ್ನ ಮುಖವನ್ನೇ ನೋಡಿರಲಿಲ್ಲ. ಜೋಳ ಹಾಕಿಸಿ ಕಟ್ಟೆಯ ಮೇಲೆ ಕೂತೆ. ಹತ್ತು ಹನ್ನೊಂದು ಗಂಟೆಯವರೆಗೆ ಇಬ್ಬರು ಬಂದರು. ಇಬ್ಬರೂ ತಮ್ಮ ಕಾಳು ಬೀಸಿ ಮುಗಿಯುವವರೆಗೂ ಕಣ್ಣು ಕೀಳದೆ ನಿಂತರು.

"ಮನಿಗಿ ಹೋಗಿ ಬಂದ್ರ ನಡೀತಿತ್ತಲ್ಲ," ಎಂದೆ ಒಬ್ಬಳಿಗೆ. ಅಷ್ಟು ಮಾತು ಹೇಗೆ ಬಂತೋ.

"ಡಬ್ಬಿ ಬಿಟ್ಟು ಹೋದ್ರ ಅರ್ಧ ಹಿಟ್ಟು ಇವರ ಪಾಲು," ಎಂದಳು ಅವಳು, ಮಾಲಕನಿಗೆ ಕೇಳಿಸುವಂತೆಯೇ.

ಆಗ ನನಗೆ ವಾಡಿಯ ಗೋಡೆಗುಂಟ ಕೂತಿದ್ದ ಡಬ್ಬಿಗಳು ಕಣ್ಣಿಗೆ ಬಂದವು. ಅಲ್ಲಿ ಗಿರಾಕಿ ಇರಲಿಲ್ಲ ನಿಜ. ಹತ್ತು ಹನ್ನೆರಡು ಮನೆಯವರು ಕಾಳು ಇಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ಅದನ್ನು ನೋಡಿಯೂ ಮೈದುನನ ಹಿಂದೆ ಸುಮ್ಮನೆ ನಡೆದು ಬಂದಿದ್ದೆನಲ್ಲ.

ಮನೆಗೆ ಬಂದು ಆ ಹಿಟ್ಟಿನಲ್ಲೇ ಮಧ್ಯಾಹ್ನದ ರೊಟ್ಟಿ ಮಾಡಿದೆ. ಕಲ್ಲಿನ ಹಲ್ಲು ಸವೆದು ಹಿಟ್ಟು ಸುಟ್ಟಿತ್ತು, ಜಿಗಿಯೇ ಇರಲಿಲ್ಲ. ಬಡಿಯುವಾಗಲೇ ಅಂಚು ಸೀಳಿತು, ಹಂಚಿನ ಮೇಲೆ ಎರಡಾಯಿತು. ಹಾಗೇ ತಾಟಿಗೆ ಹಾಕಿದೆ.

"ಇವತ್ತ ಕೈಗಿ ಏನಾಗ್ಯಾದ ವೈನಿ?" ಎಂದರು ಮೈದುನ. "ನೀವು ಮಾಡಿದ ರೊಟ್ಟಿ ಎಂದೂ ಹಿಂಗ ಹರಿದದ್ದು ನೋಡಿಲ್ಲ."

"ಕೈಗಿ ಏನೂ ಆಗಿಲ್ಲ. ನಾಳಿ ಬಯಾನಾ ಕೊಡೋರಿದ್ದೀರಲ್ಲ, ಆ ಗಿರಣಿ ಹಿಟ್ಟು."

ಅವರು ಬಿಡಲಿಲ್ಲ. ಕಲ್ಲಿಗೆ ಉಳಿ ಹೊಡೆಸಿದರಾಯಿತು, ಜನ ಎಷ್ಟಿದ್ದರು ನೀವೇ ನೋಡಿದ್ದೀರಿ, ಮಾತು ಕೊಟ್ಟಾಗಿದೆ, ನಾಲ್ಕು ಜನರಲ್ಲಿ ನನ್ನ ಮರ್ಯಾದೆ ಏನಾಗಬೇಕು ಎಂದು ಒಂದರ ಮೇಲೊಂದು ಹೇಳಿದರು. ಅವರ ಹೆಂಡತಿ ಪಲ್ಯದ ಬೋಗುಣಿ ಹಿಡಿದು ಅಲ್ಲೇ ನಿಂತಿದ್ದಳು. ನಾನು ಹಂಚನ್ನು ಒಲೆಯಿಂದ ಇಳಿಸಿದೆ.

"ನೀವು ನಿಮ್ಮ ಜನ್ಮದಾಗ ಒಮ್ಮೆರೆ ಡಬ್ಬಿ ಹೊತ್ತು ಗಿರಣಿಗಿ ಹೋಗೀರೇನು?" ಎಂದೆ. "ಅವತ್ತು ಎಳ್ಳಮಾಸಿ ಹಿಂದಿನ ದಿನ. ಇವತ್ತ ನಾ ಹೋಗಿ ಬಂದೀನಿ. ಇಬ್ಬರೇ ಇದ್ರು."

ಅವರ ಹೆಂಡತಿ ಮೊದಲು ನಕ್ಕಳು. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡಳು. ಮೈದುನ ಹರಿದ ರೊಟ್ಟಿಯನ್ನು ಪೂರ್ತಿ ತಿಂದು, ಕೈ ತೊಳೆದು, ಗುಡಿಗೆ ಹೋಗುತ್ತೇನೆಂದು ಸುಳ್ಳು ಹೇಳಿದ್ದೇಕೆ ಎಂದು ಮಾತ್ರ ಕೇಳಿದರು. ಬಯಾನಾ ಹೋಗಲಿಲ್ಲ.

ಈ ಸಲ ನನ್ನ ಮಾತಿಗೆ ಇಬ್ಬರೂ ಮತ್ತೆ ವಾಡಿಗೆ ಹೋದೆವು. ಅಲ್ಲಿಯ ಮುದುಕರಿಗೆ ಮೊಣಕಾಲು ಹೋಗಿತ್ತು, ಮಗಳ ಊರಿಗೆ ಹೋಗುವವರಿದ್ದರು. ಬೆಲೆ ಒಂದೇ ಮಾತಿಗೆ ಹೇಳಿದರು, ಚಹಾಕ್ಕಿಂತ ಮೊದಲು. ಅವರ ಹೆಂಡತಿ ಮೈದುನನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಮಷೀನು ಯಾರರೆ ನಡಸ್ತಾರ," ಎಂದರು. "ಯಾವ ಡಬ್ಬಿ ಯಾರದು, ಯಾರಿಗೆ ಸಣ್ಣಗ, ಯಾರಿಗೆ ದಪ್ಪಗ, ಇದು ತಿಳೀಬೇಕು. ಒಂದು ತಿಂಗಳು ನನ್ನ ಬಾಜು ಕುಂದ್ರು. ಆಮ್ಯಾಲ ಬ್ಯಾಡ ಅನಸಿದ್ರ ಎದ್ದು ಹೋಗು."

ತಿಂಗಳು ಕೂತೆ. ಗಿರಣಿಯ ಸದ್ದಿನಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ, ನನಗೆ ಅದೇ ಸುಖ. ಕೆಂಪು ಮುಚ್ಚಳದ್ದು ಲೈನ್‌ಮನ್ ಮನೆಯದು, ಹಗ್ಗ ಕಟ್ಟಿದ್ದು ಬಾಣಂತಿಯ ಮನೆಯದು ಎಂದು ಒಂದೊಂದೇ ಕಲಿತೆ. ಕಾಗದವಾಗಿ, ಅವರು ಹೊರಟು ಹೋದ ಮೊದಲ ದಿನ ಲೈನ್‌ಮನ್ ಹೆಂಡತಿ ಡಬ್ಬಿ ಇಟ್ಟು ಅಲ್ಲೇ ನಿಂತಳು. ಹೋಗಲಿಲ್ಲ. ಎರಡನೆಯವಳೂ ನಿಂತಳು. ಹೀಗೆ ಆರು ದಿನ. ಅವರಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದು, ಮತ್ತೆ ಕಲ್ಲಿನ ಕಡೆ ತಿರುಗುವುದು. ಎಲ್ಲವನ್ನೂ ಕಳೆದುಕೊಂಡೆ ಎನ್ನುವಷ್ಟು ಹೆದರಿದ್ದೆ. ಏಳನೆಯ ದಿನ ಲೈನ್‌ಮನ್ ಹೆಂಡತಿ ಹಿಟ್ಟು ಬೀಳುವವರೆಗೆ ಕಾಯಲಿಲ್ಲ. ಹಾಲು ಒಲೆಯ ಮೇಲಿದೆ ಎಂದು, ಡಬ್ಬಿ ಇಟ್ಟು ಓಡಿದಳು.

ಈಗ ನಿಮ್ಮ ಸಣ್ಣ ಮುತ್ಯಾ ಯಾವ ಮದುವೆಗೆ ಹೋದರೂ ಅಂಗಡಿ, ಗಿರಣಿ ಕೊಳ್ಳುವವರನ್ನು ಹಿಡಿದು ಕೂಡಿಸಿಕೊಂಡು, ಹಬ್ಬದ ಹಿಂದಿನ ದಿನ ಮಾತ್ರ ನೋಡಲು ಹೋಗಬೇಡಿ ಎಂದು ಪಾಠ ಹೇಳುತ್ತಾರೆ. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಅನುಭವ ಎನ್ನುತ್ತಾರೆ. ನಾನು ಅಲ್ಲೇ, ಎರಡು ಸಾಲು ಹಿಂದೆ, ಹೆಂಗಸರ ನಡುವೆ ಕೂತಿರುತ್ತೇನೆ. ಕಳೆದ ವಾರ ಒಬ್ಬರು ಗಿರಣಿಗೆ ಬಂದು, ಇದನ್ನು ಮಾರುತ್ತೀರೇನು, ಗಂಡಸರು ಯಾರಾದರೂ ಇದ್ದರೆ ಕರೆಯಿರಿ ಎಂದರು. ಮುಂದಿನ ಡಬ್ಬಿ ಎತ್ತಿ ಸುರಿದೆ.